ಬಂದೂಕು ಆರಿಸುವ ಗಂಡ

ಇದನ್ನು ಬರೆಯಲು ಕೂತು ಮೂರು ಸಲ ಎದ್ದೆ. ಒಮ್ಮೆ ನಳಕ್ಕೆ ನೀರು ಬಂತೆಂದು, ಒಮ್ಮೆ ಮಗಳ ರಬ್ಬರು ಕಾಣುತ್ತಿಲ್ಲವೆಂದು. ಈಗ ಬಾಗಿಲ ಮುಂದೆ ಹೋದ ಗಾಡಿ ಯಾರದೆಂದು ಅತ್ತೆಯವರಿಗೆ ತಿಳಿಯಬೇಕಂತೆ. ನಮ್ಮ ಮನೆಯಲ್ಲಿ ಕೂತವರನ್ನು ಯಾರೂ ಎಬ್ಬಿಸದ ಜಾಗ ಒಂದೇ, ಕಂಪ್ಯೂಟರಿನ ಮುಂದಿನದು. ಅಲ್ಲಿ ನಮ್ಮ ಮನೆಯವರು ಕೂರುತ್ತಾರೆ. ಅವರು ಕೂತಲ್ಲಿ ಏನಾದರೊಂದು ಪ್ರಸಂಗ ಆಗುತ್ತಲೇ ಇರುತ್ತದೆ.

ಅಲ್ಲೂ ಕೆಂಪು ಮಣ್ಣು

ನಮ್ಮ ಮನೆಯವರಿಗೆ ಸಂಡೂರಿನ ಕಡೆ ಒಂದು ಗಣಿಯಲ್ಲಿ ಅದಿರಿನ ಲಾರಿ ತೂಗಿಸುವ ಕೆಲಸ. ಅದಿರಿಗೆ ಬೆಲೆ ಬಂದ ಕಾಲ ಅದು. ಹೊಸಪೇಟೆಯ ನಮ್ಮ ಓಣಿಯಲ್ಲಿ ಒಬ್ಬರು ಕಾರು ತಂದರು, ಇನ್ನೊಬ್ಬರು ಮನೆಯ ಮೇಲೆ ಮನೆ ಎಬ್ಬಿಸಿದರು. ಎದುರು ಮನೆಯಾಕೆ ಹೊಸ ಸರ ಕಾಣಲೆಂದು ಸೆರಗನ್ನೇ ಬೇರೆ ಥರ ಹೊದೆಯತೊಡಗಿದಳು. ನಮ್ಮವರು ತಂದದ್ದು ಕಂಪ್ಯೂಟರು. ಜೊತೆಗೆ ಇಂಟರ್ನೆಟ್ಟು. "ಮಗಳು ಕಲೀತಾಳ" ಅಂದರು. ಮಗಳಿಗೆ ಆಗ ಐದು ವರ್ಷ. ಮೌಸ್ ಮುಟ್ಟಲು ಅವಳಿಗೆ ಇವತ್ತಿಗೂ ಅಪ್ಪಣೆ ಸಿಕ್ಕಿಲ್ಲ.

ಕಲಿತದ್ದು ಇವರು. ಬೇರೆ ಗ್ರಹಕ್ಕೆ ಹೋಗಿ ಆನೆಯಷ್ಟು ದೊಡ್ಡ ಹುಳಗಳನ್ನು ಸುಡುವ ಆಟ. ಹುಳ ಸತ್ತರೆ ಅದರ ಮೈಯಿಂದ ಬಂದೂಕು, ಕವಚ ಎಲ್ಲ ಉದುರುತ್ತವೆ. ಅವನ್ನು ಆರಿಸಿಕೊಂಡು ಇನ್ನೂ ದೊಡ್ಡ ಹುಳದ ಹತ್ತಿರ ಹೋಗಬೇಕು. ಅದಕ್ಕೆ ಕೊನೆಯೇ ಇಲ್ಲ. ಎಲ್ಲೆಲ್ಲಿಯವರೋ ತಂತಮ್ಮ ಮನೆಯಲ್ಲಿ ಕೂತು ಅದೇ ಗ್ರಹದಲ್ಲಿ ಓಡಾಡುತ್ತಿರುತ್ತಾರೆ. ಹಂಪಿ ನಮ್ಮ ಮನೆಯಿಂದ ಅರ್ಧ ತಾಸಿನ ದಾರಿ. ಅಲ್ಲಿಗೆ ನನ್ನನ್ನು ಕರೆದೊಯ್ಯಲು ಪುರುಸೊತ್ತಿಲ್ಲದವರು ದಿನಾ ಇನ್ನೊಂದು ಗ್ರಹಕ್ಕೆ ಹೋಗಿ ಬರುತ್ತಿದ್ದರು.

ಒಂದು ಸಂಜೆ ಇವರು ಮೈಯ ಕೆಂಪು ಧೂಳನ್ನು ಎರಡು ಬಕೆಟ್ ನೀರಿನಲ್ಲಿ ತೊಳೆದುಕೊಂಡು ಬಂದು ಆಟ ಹಚ್ಚಿದರು. ಪರದೆಯ ತುಂಬಾ ಕೆಂಪು ಗುಡ್ಡ, ಕೆಂಪು ಧೂಳು. ಅತ್ತೆ ನೋಡಿ ಗಾಬರಿಯಾದರು.

"ಏನೋ ಇದು, ಮತ್ತ ಸಂಡೂರಿಗೆ ಹೊಂಟೀಯಾ?"

"ಇಲ್ಲಬೇ, ಇದು ಬ್ಯಾರೆ ಲೋಕ. ನೋಡು, ಒಂದಾದ್ರೂ ಲಾರಿ ಐತಾ?"

ಅತ್ತೆ ಕನ್ನಡಕ ಏರಿಸಿ ಮೂಲೆಮೂಲೆ ಹುಡುಕಿ ಕೈ ಮುಗಿದರು. "ಖರೇನಪ್ಪ. ಲಾರಿ ಇಲ್ಲಂದ್ರ ಸ್ವರ್ಗನ ಇರಬೇಕು."

ಟವೆಲ್ಲಿನ ಬಣ್ಣ

ಆ ಆಟದಲ್ಲಿ ಕೆಳಗೆ ಬಿದ್ದದ್ದು ಮೊದಲು ಎತ್ತಿದವರ ಪಾಲು. ಬಿದ್ದ ವಸ್ತು ಬಣ್ಣದ ಬೆಳಕು ಬೀರುತ್ತದೆ. ಬಿಳಿ ಅಂದರೆ ಕಸ, ಹಸಿರು ಪರವಾಗಿಲ್ಲ, ನೀಲಿ ಮಸ್ತ್, ಬಂಗಾರದ್ದು ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಹಸಿರು ಕಂಡರೆ ಇವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಓಡುತ್ತಿದ್ದರು. ಮನೆಯಲ್ಲಿ ಮಾತ್ರ ನೆಲಕ್ಕೆ ಬಿದ್ದ ತಮ್ಮ ಒದ್ದೆ ಟವೆಲ್ಲನ್ನು ದಾಟಿಕೊಂಡು ಹೋಗುವ ಮನುಷ್ಯ.

ಹೊಟ್ಟೆ ಉರಿದು ಒಂದು ದಿನ ಕೇಳಿಯೇಬಿಟ್ಟೆ. "ಅಲ್ರೀ, ಅಲ್ಲಿ ಸತ್ತ ಹುಳದ ಹೊಟ್ಯಾಗಿಂದು ಎತ್ತತೀರಿ. ನಿಮ್ಮ ಟವೆಲ್ ಯಾಕ ಎತ್ತಂಗಿಲ್ಲ?"

ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಅದು ಬಿಳೇದೈತಲ್ಲ. ಬಿಳೇದು ನಾವು ಮುಟ್ಟಂಗಿಲ್ಲ."

ಡಾಕ್ಟರಮ್ಮ

ಇಷ್ಟರವರೆಗೆ ನನ್ನ ಹೊಟ್ಟೆಕಿಚ್ಚು ಹುಳಗಳ ಮೇಲಿತ್ತು. ಆಮೇಲೆ ಪರದೆಯಲ್ಲಿ ಇವರ ಪಕ್ಕ ಒಬ್ಬಳು ಓಡಾಡತೊಡಗಿದಳು. ಬೆಳ್ಳಿಯ ಬಟ್ಟೆ, ನನ್ನ ಬಳೆಯೊಳಗೆ ತೂರುವಷ್ಟು ಸೊಂಟ. ಇವರಿಗೆ ಗಾಯವಾದರೆ ಓಡಿ ಬಂದು ವಾಸಿ ಮಾಡುವುದು ಅವಳ ಕೆಲಸ. ಇವರ ಕಿವಿಗೆ ಹೆಡ್‌ಫೋನ್ ಇರುತ್ತಿದ್ದರಿಂದ ಅವಳ ಮಾತು ನನಗೆ ಕೇಳಿಸುತ್ತಿರಲಿಲ್ಲ, ಇವರದಷ್ಟೇ.

"ಡಾಕ್ಟ್ರ, ನೀವಿಲ್ಲಾಂದ್ರ ಇವತ್ತು ನಾ ಸತ್ತೇ ಹೋಗ್ತಿದ್ದೆ ನೋಡ್ರಿ."

ಹಿಂದಿನ ವಾರವಷ್ಟೇ ಜ್ವರ ಬಂದಾಗ ಮೂರು ದಿನ ಕಷಾಯ ಕುದಿಸಿ ಕೊಟ್ಟವಳು ನಾನು. ಆಗ ಕೇಳಿದ ಮಾತು ಒಂದೇ: "ಕಹಿ ಐತಿ."

ಒಂದು ದಿನ, "ಈ ರವಿವಾರ ಡಾಕ್ಟರ್ ಕಂಪ್ಲಿಯಿಂದ ಊಟಕ್ಕ ಬರ್ತಾರ" ಅಂದರು. ನಾನು ಮದುವೆಯ ಇಳಕಲ್ ಸೀರೆ ಉಟ್ಟೆ. ಎಣಗಾಯಿ ಪಲ್ಯಕ್ಕೆ ಖಾರ ಎರಡು ಚಮಚ ಹೆಚ್ಚು ಬಿತ್ತು. ಬಿತ್ತು ಅಂದರೆ, ಹಾಕಿದೆ.

ಬಾಗಿಲು ತೆರೆದರೆ ದಪ್ಪ ಮೀಸೆಯ ಐವತ್ತರ ಗಂಡಸು, ಪಕ್ಕದಲ್ಲಿ ಒಂದು ಮೂಟೆ ಅಕ್ಕಿ. ಕಂಪ್ಲಿಯಲ್ಲಿ ರೈಸ್ ಮಿಲ್ ಇದೆಯಂತೆ. ಪಲ್ಯ ತಿಂದು ಬೆವರು ಒರೆಸಿಕೊಳ್ಳುತ್ತಾ "ಭಾಳ ರುಚಿ ಆಗೈತಿ ತಂಗೀ" ಅಂದರು. ನನಗೆ ತಡೆಯಲಾಗಲಿಲ್ಲ.

"ಅಲ್ರೀ ಅಣ್ಣಾರ, ಹೆಣ್ಣಿನ ವೇಷ ಯಾಕ್ರಿ?"

"ಏನ್ ಹೇಳ್ಲಿ ತಂಗೀ. ಗಂಡಸಾಗಿ ಒಂದು ತಿಂಗಳು ಆಡಿದೆ, ಒಬ್ರೂ ಮಾತಾಡ್ಸಲಿಲ್ಲ. ಹೆಣ್ಣಾಗಿ ಬಂದ ಮೊದಲ ದಿನಾನ ನಿಮ್ಮ ಮನಿಯವ್ರು ಓಡಿ ಬಂದು ಒಂದು ನೀಲಿ ಬಂದೂಕು ಕೈಗೆ ಕೊಟ್ರು. ಅದಕ್ಕ ಹಂಗ ಉಳದಬಿಟ್ಟೆ."

ನಾನು ನಮ್ಮ ಮನೆಯವರ ಮುಖ ನೋಡಿದೆ. ಬಾಗಿಲಲ್ಲಿದ್ದ ಅಕ್ಕಿ ಮೂಟೆಯನ್ನು ಯಾರೂ ಹೇಳದೆ ಹೊತ್ತುಕೊಂಡು ಅವರು ಅಡುಗೆಮನೆಗೆ ಹೋದವರು, ಡಾಕ್ಟರು ಬಸ್ ಹತ್ತುವವರೆಗೂ ಹೊರಗೆ ಬರಲಿಲ್ಲ.

ಸವತಿಯ ಮುಖ

ಏಳು ವರ್ಷ ಸಂಸಾರ ಮಾಡಿದ ನನ್ನಲ್ಲಿ ಇಲ್ಲದ್ದು ಆ ಆಟದಲ್ಲಿ ಏನಿದೆ ಎಂದು ನೋಡಲು, ಇವರು ಗಣಿಗೆ ಹೋದಾಗ ಒಂದು ಮಧ್ಯಾಹ್ನ ಇವರ ಹೆಸರಿನಲ್ಲೇ ಆಡಲು ನಾನೇ ಕೂತೆ. ಹತ್ತನೆಯ ತರಗತಿಯ ಇಂಗ್ಲಿಷು ಅಷ್ಟಕ್ಕೆ ಸಾಕಾಯಿತು. ಮೊದಲ ದಿನ ಗೋಡೆಗೆ ಗುಂಡು ಹೊಡೆದೆ, ಎರಡನೆಯ ದಿನ ನನ್ನ ಕಾಲಿಗೇ ಹೊಡೆದುಕೊಂಡೆ. ಮೂರನೆಯ ದಿನ ಒಂದು ಹುಳ ಸತ್ತು, ಪಕ್ಕದಲ್ಲಿ ಏನೋ ಹಸಿರಾಗಿ ಹೊಳೆಯಿತು. ಅಷ್ಟೇ, ನನ್ನ ಕಥೆ ಮುಗಿಯಿತು.

ಯಾಕೆಂದು ಹೇಳುತ್ತೇನೆ. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತೇನೆ, ಮನೆಯ ಕೆಂಪು ಧೂಳನ್ನು ನಾಲ್ಕು ಸಲ ಒರೆಸುತ್ತೇನೆ. ಒಂದು ದಿನವಾದರೂ ನೆಲದ ಮೇಲೆ ಏನೂ ಹೊಳೆದದ್ದಿಲ್ಲ. ಅಲ್ಲಿ ಒಂದು ಹುಳ ಹೊಡೆದರೂ ತಕ್ಷಣ ಏನೋ ಕೈಗೆ ಬರುತ್ತದೆ. ಅದಕ್ಕೇ ದಿನಾ ಮಧ್ಯಾಹ್ನ ಕೂತೆ. ಒಂದು ದಿನ ಬಂಗಾರದ ಬಂದೂಕೇ ಬಿತ್ತು.

ಸಂಜೆ ಇವರು ಆಟದೊಳಗಿನ ತಮ್ಮ ಪೆಟ್ಟಿಗೆಯಲ್ಲಿ ಅದನ್ನು ಕಂಡು ಕುಣಿದಾಡಿದರು. "ಕಂಪನಿಯವ್ರು ಕಾಣಿಕಿ ಕೊಟ್ಟಾರಲೇ! ಎಷ್ಟು ದಿನದಿಂದ ಆಡಾಕತ್ತೀನಲ್ಲ, ಅದಕ್ಕ!" ಕಂಪ್ಲಿಗೆ ಫೋನು ಹೋಯಿತು. ಕರ್ಚೀಫಿನಿಂದ ಪರದೆಯ ಧೂಳು ಒರೆಸಿದರು. ಈ ಮನುಷ್ಯನಿಗೆ ಧೂಳು ಒರೆಸಲು ಬರುತ್ತದೆಂದು ನನಗೆ ಗೊತ್ತಾದದ್ದೇ ಅಂದು. ನಾನು ಬಾಯಿ ಬಿಡಲಿಲ್ಲ. ನಾನು ಗೆದ್ದ ಬಂದೂಕಿನ ಮೇಲೆ ನನಗೇ ಹೊಟ್ಟೆಕಿಚ್ಚು.

ಆಯುಧಪೂಜೆ

ಆಯುಧಪೂಜೆಯ ದಿನ ಊರಿನ ಲಾರಿಗಳಿಗೆಲ್ಲ ಬಾಳೆಕಂಬ. ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ವಿಭೂತಿ, ಚೆಂಡುಹೂವಿನ ಮಾಲೆ. ಆಗ ಇವರಿಗೆ ಭಕ್ತಿ ಉಕ್ಕಿತು. "ಖರೇ ಆಯುಧ ಒಳಗದಾವು. ಅವನ್ನ ಪೆಟ್ಟಿಗ್ಯಾಗ ಇಟ್ಟು ಪೂಜಿ ಮಾಡಿದ್ರ ಹೆಂಗ?" ಎಂದು ಆಟ ಹಚ್ಚಿ, ಆ ಗ್ರಹದ ಒಂದು ಬಯಲಿನಲ್ಲಿ ಬಂದೂಕುಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟರು. ನಡುವೆ ಬಂಗಾರದ್ದು. ಬೆಳ್ಳಿ ಬಟ್ಟೆಯ ಡಾಕ್ಟರು ಕಾವಲಿಗೆ.

ಅತ್ತೆ ಆರತಿ ಎತ್ತಿದರು. ಎಲ್ಲರೂ ಕಣ್ಣು ಮುಚ್ಚಿದೆವು. ಅದೇ ಹೊತ್ತಿಗೆ ಕಂಪ್ಲಿಯ ಮಿಲ್ಲಿನಲ್ಲೂ ಮಂಗಳಾರತಿಯಂತೆ. ಡಾಕ್ಟರೂ ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟರೆ ಯಾವನೋ ಕಪ್ಪೆ ಮುಖದ ಟೋಪಿಯವನು ಬಂದೂಕುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದ. ಇವರು ಇಂಗ್ಲಿಷಿನಲ್ಲಿ ಟೈಪ್ ಮಾಡಿದರು: "ಸರ್, ಅದು ಪೂಜೆಗೆ ಇಟ್ಟಿದ್ದು." ಅವನು ಬಂಗಾರದ್ದನ್ನೂ ಎತ್ತಿಕೊಂಡ. "ಥ್ಯಾಂಕ್ಯೂ" ಎಂದು ಬರೆದ. ಹೋದ.

"ಅಯ್ಯಯ್ಯೋ, ನನ್ನ ಬಂದೂಕು!"

ಕೂಗಿದ್ದು ಇವರಲ್ಲ, ನಾನು.

ಆರತಿ ತಟ್ಟೆ ಅಲ್ಲೇ ನಿಂತಿತು. "ನಿಂದಾ?" ಅಂದರು ಇವರು. ಎಲ್ಲ ಹೇಳಲೇಬೇಕಾಯಿತು. ಅತ್ತೆಗೆ ಮೊದಲು ಹೊಳೆಯಿತು. "ಅದಕ್ಕ ನನ್ನ ಮಧ್ಯಾನ್ನದ ಚಾ ಸಂಜಿಕ ಬರ್ತಿತ್ತೇನು?"

ಇವರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಆಟ ನಡೆಯುತ್ತಿರುವಾಗಲೇ ಕುರ್ಚಿಯನ್ನು ಪೂರ್ತಿ ನನ್ನ ಕಡೆ ತಿರುಗಿಸಿ ಕೂತರು. ಎಷ್ಟು ತಿಂಗಳಿನಿಂದ ನಾನು ಕಾದಿದ್ದು ಅದಕ್ಕೇ. ಆದರೆ ಹಾಗೆ ಕೂತು ಅವರು ಕೇಳಿದ್ದು ಇಷ್ಟು.

"ಖರೇ ಹೇಳು. 'ಕಂಪ್ಯೂಟರ್ ಬಿಟ್ಟು ಏಳ್ರಿ' ಅಂತ ದಿನಾ ಜಗಳ ತೆಗಿತಿದ್ದೆಲ್ಲ, ಅದು ನಾ ಬೇಕು ಅಂತನೋ, ಕಂಪ್ಯೂಟರ್ ಬೇಕು ಅಂತನೋ?"