ಗೋಳಿಬಜೆಯ ಹಿಂದಿನ ಮುಖ

ಎಂಜಲಿನ ವಿಷಯದಲ್ಲಿ ನಾನು ಎರಡು ನಾಲಿಗೆಯವಳು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಂದಿವಲಿಯ ನಮ್ಮ ಮನೆಯಲ್ಲಿ ನೀರಿನ ಲೋಟವನ್ನು ತುಟಿಗೆ ತಾಗಿಸುವುದು ಅಪರಾಧ. ಬಡಿಸುವ ಸೌಟು ಉಣ್ಣುವವರ ತಟ್ಟೆಗೆ ತಗುಲಿತೋ, ಪಾತ್ರೆಯಲ್ಲಿರುವ ಸಾರೆಲ್ಲ ಎಂಜಲು. ಈ ಕಾನೂನು ಉಡುಪಿ ಕಡೆಯ ನನ್ನ ಅತ್ತೆಯವರದು. ಮೈಸೂರಿನಿಂದ ಬಂದ ನಾನು ಇಪ್ಪತ್ತೆರಡು ವರ್ಷಗಳಿಂದ ಲೋಟ ಎತ್ತಿ ಹಿಡಿದು ನೀರು ಸುರಿದುಕೊಳ್ಳುತ್ತಾ, ವಾರಕ್ಕೆರಡು ಬಾರಿ ಕುಪ್ಪಸ ಒದ್ದೆ ಮಾಡಿಕೊಳ್ಳುತ್ತಾ ಅದನ್ನು ಪಾಲಿಸಿಕೊಂಡು ಬಂದಿದ್ದೇನೆ. ಆಫೀಸಿನಲ್ಲಿ ಮಾತ್ರ ಕಾನೂನು ಮಾಡುವವಳು ನಾನು. ಫೋರ್ಟ್ ಕಡೆಯ ಒಂದು ಕಲಾ ಗ್ಯಾಲರಿಯಲ್ಲಿ ಹಳೆಯ ಚಿತ್ರ, ಪತ್ರ, ಕಡತಗಳನ್ನು ದುರಸ್ತಿ ಮಾಡಿ ಕಾಪಾಡುವುದು ನನ್ನ ಕೆಲಸ. ‘ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಡಿ’ ಎಂದು ಮೂರು ಭಾಷೆಗಳಲ್ಲಿ ಬೋರ್ಡು ಬರೆದು ನಮ್ಮ ಲ್ಯಾಬಿನ ಗೋಡೆಗೆ ಹಾಕಿದ್ದೇನೆ. ಒಮ್ಮೆ ಹಿರಿಯ ಪ್ರಾಧ್ಯಾಪಕರೊಬ್ಬರ ಹೆಬ್ಬೆರಳು ನಾಲಿಗೆಯ ಕಡೆ ಹೊರಟಾಗ ನಾನು ಹಾಕಿದ ಕೂಗಿಗೆ ಅವರು ತಮ್ಮ ಸಂಶೋಧನೆಯ ವಿಷಯವನ್ನೇ ಬದಲಾಯಿಸಿದರೆಂದು ಸುದ್ದಿ.

ಇಷ್ಟೆಲ್ಲ ಹೇಳುವ ನಾನು ನನ್ನ ಮೇಜಿನ ಮುಂದೆ ಕುಳಿತು ಮಾಡುವುದೇನು ಗೊತ್ತೇ? ಹಳೆಯ ಕಾಗದಕ್ಕೆ ಹಿಡಿದ ಮೈದಾ ಅಂಟನ್ನೋ ಅನ್ನದ ಅಂಟನ್ನೋ ಮೆತ್ತಗೆ ಬಿಡಿಸುವುದಕ್ಕೆ ಎಂಜಲಿನಷ್ಟು ಒಳ್ಳೆಯ ಔಷಧಿ ಸುಲಭಕ್ಕೆ ಸಿಗುವುದಿಲ್ಲ. ಬಾಯಲ್ಲಿ ಅನ್ನವನ್ನು ಕರಗಿಸುವ ಗುಣ ಕಾಗದದ ಮೇಲಿನ ಅನ್ನವನ್ನೂ ಕರಗಿಸುತ್ತದೆ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಕಾಗದದ ಮೇಲೆ ಉರುಳಿಸಿ, ಆಮೇಲೆ ಶುದ್ಧ ನೀರಿನ ಹತ್ತಿಯಲ್ಲಿ ಒರೆಸಿದರಾಯಿತು. ನಮ್ಮ ಕಸುಬಿನವರು ಇದನ್ನು ಎಲ್ಲ ಕಡೆಯೂ ಮಾಡುತ್ತಾರೆ. ಆದರೆ ಯಾರೂ ಹೋಗಿ ಅತ್ತೆಗೆ ಹೇಳುವುದಿಲ್ಲ.

ಕಳೆದ ವರ್ಷ ನಮ್ಮ ಗ್ಯಾಲರಿ ಮುಂಬಯಿಯ ಹಳೆಯ ಹೋಟೆಲುಗಳ ಬಗ್ಗೆ ಒಂದು ಪ್ರದರ್ಶನ ಇಟ್ಟುಕೊಂಡಿತು. ಗ್ರಾಂಟ್ ರೋಡಿನಲ್ಲಿ ಅತ್ತೆಯ ತಂದೆ ಶುರುಮಾಡಿದ ಹೋಟೆಲೊಂದಿದೆ, ಈಗ ಅತ್ತೆಯ ತಮ್ಮ ನಡೆಸುತ್ತಾರೆ. ಹಳೆಯದೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಅವರು ಊಟದ ಕೋಣೆಯ ಗೋಡೆಯಿಂದ ಗಾಜಿಲ್ಲದ, ಹೊಗೆ ಹಿಡಿದ ಒಂದು ಚೌಕಟ್ಟು ಇಳಿಸಿ ಕೊಟ್ಟರು. ‘ಇಂದಿನ ವಿಶೇಷ: ಗೋಳಿಬಜೆ’ ಎಂಬ ಚೀಟಿ ಅಂಟಿಸಿದ ಅದನ್ನು ಎಲ್ಲರೂ ಬೋರ್ಡೆಂದೇ ತಿಳಿದಿದ್ದರು. ನಾನೇ ಅದರ ಕೆಳಗೆ ಕುಳಿತು ಇಪ್ಪತ್ತೆರಡು ವರ್ಷ ಗೋಳಿಬಜೆ ತಿಂದಿದ್ದೇನೆ. ನನ್ನ ಕಸುಬಿನ ಕಣ್ಣು ತಟ್ಟೆಯಿಂದ ಮೇಲೆ ಹೋಗಿರಲಿಲ್ಲ. ಲ್ಯಾಬಿನಲ್ಲಿ ಮಸಿ ಒರೆಸಿದಾಗ ಚೀಟಿಯ ಮೇಲ್ಗಡೆ ಒಂದು ಕರಿಟೋಪಿ ಕಾಣಿಸಿತು. ಕೆಳಗೆ ಕೋಟು, ಕೋಟಿನ ಜೇಬಿನಲ್ಲಿ ಪೆನ್ನು, ಅದರ ಕೆಳಗೆ ಅತ್ತೆಯ ತಂದೆಯ ಹೆಸರು. ಊಟಕ್ಕೆ ಬರುತ್ತಿದ್ದ ಯಾರೋ ಚಿತ್ರಕಾರ ಅವರನ್ನು ಕೂರಿಸಿ ಪೆನ್ಸಿಲಿನಲ್ಲಿ ಬರೆದದ್ದು. ಗಾಜು ಒಡೆದ ಮೇಲೆ ಯಾರೋ ಸಪ್ಲೈಯರ್ ಅನ್ನದ ಅಗುಳು ಅರೆದು, ಸರಿಯಾಗಿ ಮುಖದ ಮೇಲೆ ಚೀಟಿ ಅಂಟಿಸಿದ್ದ. ಗೋಳಿಬಜೆ ಅಲ್ಲಿ ದಿನವೂ ವಿಶೇಷವೇ ಆದ್ದರಿಂದ ಅದನ್ನು ತೆಗೆಯುವ ಪ್ರಸಂಗವೇ ಬಂದಿರಲಿಲ್ಲ.

ಮನೆಗೆ ಬಂದು ನಗುನಗುತ್ತಾ ಹೇಳಿದೆ. ಅತ್ತೆ ನಗಲಿಲ್ಲ. ಅವರ ತಂದೆ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಇಲ್ಲಿ ದುಡಿದವರು, ಅತ್ತೆಗೆ ಏಳು ವರ್ಷವಾದಾಗ ಇಲ್ಲೇ ತೀರಿಕೊಂಡವರು. ಒಂದು ಫೋಟೋ ಕೂಡ ಇಲ್ಲ. “ಅಪ್ಪನ ಸ್ವರ ನೆನಪುಂಟು ಸುಮಾ, ಮುಖ ಇಲ್ಲ” ಎಂದರು. “ಆ ಚೀಟಿ ತೆಗೆದು ಮುಖ ಕೊಡ್ಲಿಕ್ಕೆ ಆಗ್ತದಾ ನಿಂಗೆ?” ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ನನ್ನಲ್ಲಿ ಬೇಡಿದ್ದು ಅದೊಂದೇ. ಆಗುತ್ತದೆ ಎಂದುಬಿಟ್ಟೆ.

ಚೀಟಿಯ ಕಾಗದ ಪದರ ಪದರವಾಗಿ ಬಂತು. ಅಡಿಯಲ್ಲಿದ್ದ ಅನ್ನ ಮಾತ್ರ ಕಲ್ಲಾಗಿ ಕುಳಿತಿತ್ತು. ಬರೀ ನೀರಿಗೆ ಜಗ್ಗಲಿಲ್ಲ. ಇಂಥದ್ದಕ್ಕೆಂದೇ ಹೊರದೇಶದಿಂದ ತರಿಸುವ ಪುಡಿಯೊಂದಿದೆ. ಅದು ಅಲ್ಲಿಂದ ಹೊರಟಿದೆ ಎಂಬ ಸುದ್ದಿ ಬಂದಿತ್ತು, ಪುಡಿ ಬಂದಿರಲಿಲ್ಲ. ಪ್ರದರ್ಶನಕ್ಕೆ ಆರು ದಿನ ಉಳಿದಿತ್ತು. ಹಾಗಾಗಿ, ತಟ್ಟೆಗೆ ತಾಗಿದ ಸೌಟನ್ನು ಮೂರು ಸಲ ತೊಳೆಸುವ ಅತ್ತೆಯ ಪೂಜ್ಯ ತಂದೆಯವರ ಮುಖಕ್ಕೆ, ಸೊಸೆಯಾದ ನಾನು ಎಂಜಲು ಹಚ್ಚಬೇಕಾಯಿತು. ಇದನ್ನು ಮುಚ್ಚಿಡಬಹುದಿತ್ತು. ಆದರೆ ಅನ್ನದ ಜೊತೆ ಪೆನ್ಸಿಲಿನ ಗೆರೆಯೂ ಎದ್ದು ಬಂದರೆ, ಇದ್ದೊಂದು ಮುಖವನ್ನು ಒರೆಸಿಹಾಕಿದವಳು ನಾನಾಗುತ್ತಿದ್ದೆ. 

ಬೆಳಗಿನ ಕಾಫಿ ಬಿಟ್ಟೆ. ಬಾಯಿ ಮುಕ್ಕಳಿಸಿ, ಕಿವಿಯಿಂದ ಶುರುಮಾಡಿ, ಸಲಕ್ಕೆ ಅಕ್ಕಿಕಾಳಿನಷ್ಟು ಅಗಲದಂತೆ ಮುಂದೆ ಸಾಗಿದೆ. ಸಂಜೆ ಲೋಕಲ್ ರೈಲಿನಲ್ಲಿ ನೇತಾಡುತ್ತಿರುವಾಗ ಅತ್ತೆಯ ಫೋನು.

“ಮೂಗು ಬಂತಾ?”

“ಇಲ್ಲ ಅತ್ತೆ. ಇವತ್ತು ಎಡಗಿವಿ.”

“ಎಂತ ಔಷಧಿ ಹಾಕುದು?”

“ಅದೊಂದು ದ್ರವ. ನೈಸರ್ಗಿಕವಾದದ್ದು.”

“ಫಾರಿನ್‌ದಾ?”

“ಇಲ್ಲ ಅತ್ತೆ, ನಮ್ಮಲ್ಲೇ ತಯಾರಾಗುತ್ತೆ.”

ಮೂರನೆಯ ದಿನ ಮೀಸೆಯ ಹತ್ತಿರ ಬರುವಾಗ ಔಷಧಿ ಮುಗಿಯಿತು. ಹೆದರಿಕೆಗೆ ಬಾಯಿ ಪೂರ್ತಿ ಒಣಗಿತ್ತು. ಎದುರು ಮೇಜಿನ ದೇಶಪಾಂಡೆಬಾಯಿ ಹದಿನೈದು ವರ್ಷಗಳಿಂದ ನನ್ನ ಜೊತೆ ಕೆಲಸ ಮಾಡುವವರು, ಕಷ್ಟಕ್ಕೆ ಆಗುವವರು. ಹುಳಿ ಮಾವಿನಕಾಯಿ ಹೆಚ್ಚಿ ಹಾಕಿದ ಭೇಲ್‌ಪುರಿ ಹೇಗಿರುತ್ತದೆ ಎಂದು ಅವರು ನಿಧಾನವಾಗಿ, ಉಪ್ಪುಖಾರದ ಸಮೇತ ವರ್ಣಿಸಿದರು. ಅರ್ಧ ಮೀಸೆ ಆ ವರ್ಣನೆಯಲ್ಲೇ ಬಂತು.

ಐದನೆಯ ದಿನ ಕಣ್ಣು ತೆರೆದವು. ಒಂದು ಗೆರೆಯೂ ಹೋಗಿರಲಿಲ್ಲ. ನಾನು ಗೆದ್ದಿದ್ದೆ. ಎದ್ದು ನಿಂತು ದೇಶಪಾಂಡೆಬಾಯಿಯನ್ನು ತಬ್ಬಿಕೊಂಡೆ, ಐದು ದಿನದ ಕಾಫಿಯನ್ನು ಒಟ್ಟಿಗೇ ಕುಡಿದೆ. ಮತ್ತೆ ಬಂದು ನೋಡಿದರೆ ಚಿತ್ರದಿಂದ ನನ್ನನ್ನು ದುರುಗುಟ್ಟಿ ನೋಡುತ್ತಿದ್ದದ್ದು, ಲೋಟ ತುಟಿಗೆ ತಾಗಿಸಿದವರನ್ನು ನೋಡುವ ನನ್ನ ಅತ್ತೆಯ ಕಣ್ಣುಗಳೇ.

ಮಾರನೆಯ ದಿನ ಅತ್ತೆಯನ್ನು ಲ್ಯಾಬಿಗೆ ಕರೆದುಕೊಂಡು ಬಂದೆ. ಚಿತ್ರದ ಮುಂದೆ ಕೂರಿಸಿದೆ. ಅವರು ಟೋಪಿಯಿಂದ ಮೀಸೆಯವರೆಗೆ ನೋಡುತ್ತಾ ಹೋದರು. ಕೊನೆಗೆ “ಅಪ್ಪ ಹೀಗೆ ಇದ್ದದ್ದಾ” ಎಂದು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ದೇಶಪಾಂಡೆಬಾಯಿಗೂ ಬಂತು, ಆ ಭರದಲ್ಲಿ ಅವರು ಅತ್ತೆಯ ಕೈ ಹಿಡಿದು, “ಮಾಂಜೀ, ಯೆ ಸಬ್ ಆಪ್ ಕೀ ಬಹೂ ಕೇ ಥೂಕ್ ಕಾ ಕಮಾಲ್ ಹೈ” ಎಂದುಬಿಟ್ಟರು. ಎಲ್ಲವೂ ಸೊಸೆಯ ಎಂಜಲಿನ ಮಹಿಮೆ ಎಂದು ಅರ್ಥವಾಗದಿರಲು ಅತ್ತೆ ಮುಂಬಯಿಗೆ ನಿನ್ನೆ ಮೊನ್ನೆ ಬಂದವರಲ್ಲ.

ನಾನು ನೆಲ ನೋಡಿದೆ. ಅತ್ತೆ ಚಿತ್ರ ನೋಡಿದರು. “ಊರಿಗೆ ಬಂದಾಗೆಲ್ಲ” ಎಂದರು ಮೆಲ್ಲಗೆ, “ಅಪ್ಪ ಹೆಗಲಿನ ಬೈರಾಸದ ತುದಿ ನಾಲಿಗೆಗೆ ತಾಗಿಸಿ ನನ್ನ ಮುಖದ ಕಾಡಿಗೆ ಒರೆಸ್ತಿದ್ರು. ಅದನ್ನು ಯಾರೂ ಎಂಜಲು ಹೇಳ್ಲಿಲ್ಲ.” ಹಾಗೆನ್ನುತ್ತಲೇ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಮುಂದೆ ಬಾಗಿದರು. “ಇಲ್ಲಿ ಗಲ್ಲದ ಹತ್ರ ಇನ್ನೂ ಸ್ವಲ್ಪ ಉಂಟು.”

“ಅತ್ತೆ, ಮುಟ್ಟಬೇಡಿ” ಎಂದು ನಾನು ಪ್ರಾಧ್ಯಾಪಕರಿಗೆ ಹಾಕಿದ ಕೂಗನ್ನೇ ಹಾಕಿದೆ.

ಅತ್ತೆ ತಿರುಗಿದರು. “ಸೊಸೆಯ ಎಂಜಲು ಆಗ್ತದೆ. ಮಗಳದ್ದು ಆಗುದಿಲ್ವಾ?”

 ಅವರಿಗೆ ಬಾಯಿ ಮುಕ್ಕಳಿಸಲು ಹೇಳಿ, ಕೈಗೆ ಹತ್ತಿ ಸುತ್ತಿದ ಕಡ್ಡಿ ಕೊಟ್ಟು, ಮುಂಗೈ ಹಿಡಿದುಕೊಂಡೆ. ಗಲ್ಲದ ಮೇಲೆ ಉಳಿದಿದ್ದ ಕೊನೆಯ ಅಗುಳನ್ನು ಮಗಳೇ ತೆಗೆದರು. 

ದುರಸ್ತಿಗೆ ಏನೇನು ಬಳಸಿದೆವೆಂದು ನಾವು ರಿಜಿಸ್ಟರಿನಲ್ಲಿ ಬರೆದಿಡಬೇಕು. ನೈಸರ್ಗಿಕ ದ್ರವ ಎಂದು ಬರೆದು ಜಾರಿಕೊಳ್ಳುವ ಯೋಚನೆಯಿತ್ತು. ಆದರೆ ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ‘ಎಂಜಲು, ಇಬ್ಬರದು’ ಎಂದು ನೇರವಾಗಿ ಬರೆದು, ಎದೆಯುಬ್ಬಿಸಿ ಸಹಿ ಹಾಕಿದೆ. ಗೆದ್ದ ಸಂಭ್ರಮದಲ್ಲಿ, ಪುಟ ತಿರುವಲೆಂದು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದೆ.

“ಎಂಜಲು” ಎಂದರು ಅತ್ತೆ, ಗೋಡೆಯ ಮೇಲಿನ ನನ್ನದೇ ಬೋರ್ಡು ತೋರಿಸಿ.