ಮೂಲವ್ಯಾಧಿಯೂ ಮೂರು ಕಡ್ಡಿ ಸಿಗ್ನಲ್ಲೂ

ಮಂಡಿನೋವಿಗಿರುವ ಮರ್ಯಾದೆ ಮೂಲವ್ಯಾಧಿಗಿಲ್ಲ. ಮಂಡಿನೋವಿನವನು ಪಂಚೆ ಎತ್ತಿ ತೋರಿಸಿ ಊರಿನವರಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳಬಹುದು. ಶುಗರ್ ಇದ್ದವರಂತೂ ಮದುವೆಮನೆಯ ಪಂಕ್ತಿಯಲ್ಲೇ ತಮ್ಮ ಅಂಕಿಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೂರಲಾರದೆ ಕೂತವನು ಏನು ಹೇಳಬೇಕು? "ಯಾಕೆ ಮಾರಾಯ, ಒಂದ್ಕಡೆ ವಾಲ್ಕಂಡು ಕೂತಿದ್ದೀಯ?" ಎಂದು ಯಾರಾದರೂ ಕೇಳಿದರೆ, "ಸೊಂಟ ಹಿಡ್ಕಂಡೈತೆ" ಎನ್ನುವುದೊಂದೇ ದಾರಿ. ನಾನು ಬಹಳ ದಿನ ಏನೂ ಅರಿಯದ ಸೊಂಟದ ಮೇಲೆ ಗೂಬೆ ಕೂರಿಸಿದೆ.

ದೋಣಿಗಲ್ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನಮ್ಮ ಕಡೆ ಯಾವ ಕಾಯಿಲೆಗೂ ಮೊದಲು ಇಡುವ ಹೆಸರು ಉಷ್ಣ. ಕಣ್ಣುರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಸಿಟ್ಟು ಬಂದರೂ ಉಷ್ಣವೇ. ಒಂದು ಬೆಳಗ್ಗೆ ರಕ್ತ ಕಂಡಾಗ ನಾನೂ ಹೆಂಡತಿ ಕಮಲಳಿಗೆ, "ಸ್ವಲ್ಪ ಉಷ್ಣ ಕಣೆ" ಎಂದಷ್ಟೇ ಹೇಳಿದೆ. ರಕ್ತದ ಮಾತೆತ್ತಲಿಲ್ಲ. ಅವಳು ಕಾಫಿ ನಿಲ್ಲಿಸಿ ಎಳನೀರು, ಮಜ್ಜಿಗೆ, ಮೆಂತ್ಯದ ಗಂಜಿ ಶುರುಮಾಡಿದಳು. ಹೊರಗೆ ಹಲ್ಲು ಕಟಕಟಿಸುವ ಚಳಿ. ನೆಗಡಿ ಹಿಡಿಯಿತು. ಆ ಸ್ಥಿತಿಯಲ್ಲಿ ಸೀನುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇದು ಕ್ಯಾನ್ಸರೇ ಇರಬೇಕೆಂದು ತೀರ್ಮಾನಿಸಿ, ಸಾಯುವವನ ಹಾಗೆ ಎಲ್ಲರೊಡನೆ ಮೃದುವಾಗಿ ಮಾತಾಡತೊಡಗಿದ್ದೆ. ಕಮಲಳಿಗೆ ಅನುಮಾನ ಹುಟ್ಟಿದ್ದೇ ಅದರಿಂದ.

"ಈಗೀಗ ಸಾರಿಗೆ ಉಪ್ಪಿಲ್ದಿದ್ರೂ ಬೈಯಲ್ಲ ನೀವು. ಏನಾಗೈತೆ, ನಿಜ ಹೇಳ್ರಿ."

ಹೇಳಿದೆ. ಮರುದಿನವೇ ನನ್ನನ್ನು ಜೀಪಿಗೆ ಹತ್ತಿಸಿ ಸಕಲೇಶಪುರಕ್ಕೆ ಕರೆದುಕೊಂಡು ಹೋದಳು. ರಸ್ತೆಯ ಒಂದೊಂದು ಗುಂಡಿಯೂ ನನ್ನನ್ನು ಹೆಸರು ಹಿಡಿದು ಮಾತಾಡಿಸಿತು.

ಡಾಕ್ಟರು ಗೋಡೆ ಕಡೆ ತಿರುಗಿ ಮಲಗಿಸಿ, ಮೊದಲು ಬೆರಳಿನಿಂದ, ಆಮೇಲೆ ದೀಪವಿರುವ ಸಣ್ಣ ಕೊಳವೆಯಿಂದ ನೋಡಿದರು. ಹೆದರಿದ್ದಷ್ಟು ನೋವಾಗಲಿಲ್ಲ, ಹೋಗಿದ್ದು ಮಾನ ಮಾತ್ರ. ಆ ಜಾಗದಲ್ಲಿ ರಕ್ತನಾಳಗಳ ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವಂತೆ, ತಿಣುಕಿದರೆ, ಬಹಳ ಹೊತ್ತು ಕೂತರೆ ಊದಿ ಕೆಳಗೆ ಜಾರುತ್ತವಂತೆ. ಎಲ್ಲರಿಗೂ! ದೊಡ್ಡ ಎಸ್ಟೇಟಿನ ಸಾಹುಕಾರರಿಗೂ ಇರುತ್ತದಲ್ಲ ಎಂದು ನನಗೆ ಎಂಥದೋ ಸಮಾಧಾನವಾಯಿತು.

"ಕಕ್ಕಸಿನಲ್ಲಿ ಎಷ್ಟು ಹೊತ್ತು ಕೂರ್ತೀರಿ?" ಎಂದರು.

"ಐದು ನಿಮಿಷ."

"ಸುಳ್ಳು ಡಾಕ್ಟ್ರೇ!" ಪರದೆಯಾಚೆಯಿಂದ ಕಮಲ. "ಹೋದ್ರೆ ಮುಕ್ಕಾಲು ಗಂಟೆ. ನಮ್ಮನೇಲಿ ಫೋನಿಗೆ ಸಿಗ್ನಲ್ ಬರೋದು ಅಲ್ಲೊಂದೇ ಕಡೆ."

ಅದು ನಿಜ. ನಮ್ಮ ಕಕ್ಕಸು ಮನೆ ಹಿಂದಿನ ದಿಬ್ಬದ ಮೇಲಿದೆ. ಅಲ್ಲಿ ಕೂತರೆ ಎದುರು ಗುಡ್ಡದ ಟವರಿನಿಂದ ಮೂರು ಕಡ್ಡಿ ಬರುತ್ತದೆ. ಕಾಫಿ ರೇಟು, ರಾಜಕೀಯ, ನೆಂಟರ ಮನೆಯ ಜಗಳ ಎಲ್ಲವನ್ನೂ ನಾನು ತಿಳಿದುಕೊಳ್ಳುವುದು ಅಲ್ಲಿಂದಲೇ.

ಡಾಕ್ಟರು ಹೇಳಿದ್ದಿಷ್ಟು: ಸೊಪ್ಪು ತರಕಾರಿ, ಬೇಕಾದಷ್ಟು ನೀರು, ಹಚ್ಚಲು ಮುಲಾಮು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಫೋನು ಮನೆಯಲ್ಲೇ. ಕಡಿಮೆಯಾಗದಿದ್ದರೆ ಊದಿದ ಮೆತ್ತೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಾರಂತೆ. ವಯಸ್ಸಾಯಿತು, ರಕ್ತ ಹೋಗಿದ್ದಕ್ಕೆಲ್ಲ ಮೂಲವ್ಯಾಧಿಯೇ ಕಾರಣ ಅಂದುಕೊಳ್ಳಬಾರದು ಎಂದು ಹಾಸನಕ್ಕೆ ಕಳಿಸಿ ಕರುಳಿನ ಪರೀಕ್ಷೆಯನ್ನೂ ಮಾಡಿಸಿದರು. "ಮೂಲವ್ಯಾಧಿ ಬಿಟ್ಟು ಬೇರೇನೂ ಇಲ್ಲ" ಎಂದಾಗ ಕಮಲ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೂಲವ್ಯಾಧಿ ಇದೆ ಅಂತ ಇಷ್ಟು ಖುಷಿಪಟ್ಟ ದಂಪತಿಯನ್ನು ಆ ಆಸ್ಪತ್ರೆ ಕಂಡಿರಲಿಕ್ಕಿಲ್ಲ.

ಆ ಖುಷಿಯಲ್ಲಿ ನಾಚಿಕೆ ಬಿಟ್ಟು ಊರಿಗೆಲ್ಲ ಹೇಳಿದೆ. ಆಗ ಗೊತ್ತಾಯಿತು, ಅರ್ಧ ಊರಿನ ಸೊಂಟನೋವು ನನ್ನ ಸೊಂಟನೋವಿನಂಥದ್ದೇ ಅಂತ. ಎದುರಿಗೆ ಕೇಳಲು ಸಂಕೋಚ, ಹಾಗಾಗಿ ಒಬ್ಬೊಬ್ಬರೇ ಫೋನ್ ಮಾಡುತ್ತಾರೆ. ನಾನೂ ಬೇಸರಿಸದೆ ವಿವರವಾಗಿ ಹೇಳುತ್ತೇನೆ: ಮುಚ್ಚಿಡಬೇಡಿ, ತೋರಿಸಿ, ಮುಖ್ಯವಾಗಿ ಅಲ್ಲಿ ಬಹಳ ಹೊತ್ತು ಕೂರಬೇಡಿ. ನಿನ್ನೆ ಪಾಳ್ಯದ ನೆಂಟರೊಬ್ಬರಿಗೆ ಇದನ್ನೇ ಒತ್ತಿ ಒತ್ತಿ ಹೇಳುತ್ತಿದ್ದಾಗ ಕಮಲ ಬಾಗಿಲು ಬಡಿದಳು.

"ರೀ, ಊರಿಗೆಲ್ಲ ಬುದ್ಧಿ ಹೇಳಿದ್ದು ಸಾಕು. ಮೊದ್ಲು ನೀವು ಎದ್ದು ಹೊರಗ್ ಬನ್ನಿ!"