ಬೆಲ್ಟುವಿನ ಊಟಕ್ಕೆ ನನ್ನ ಅತ್ತರು

ವಾಸನೆಯ ವಿಷಯದಲ್ಲಿ ನನ್ನ ಮೂಗನ್ನು ಮೀರಿಸುವ ಇನ್ನೊಂದು ಮೂಗು ಈ ಭೂಮಂಡಲದಲ್ಲಿಲ್ಲ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿದ್ದೆ. ಆ ನಂಬಿಕೆ ಹೋದ ಭಾನುವಾರ ಮಧ್ಯಾಹ್ನ ಒಂದೂವರೆಗೆ, ಹೆಂಡತಿ ಮತ್ತು ಮಗಳ ಸಮಕ್ಷಮದಲ್ಲಿ, ನಮ್ಮ ಮನೆಯ ನಡುಕೋಣೆಯಲ್ಲೇ ಅಸುನೀಗಿತು.

ನಾನು ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವವನು. ನೀವು ಸ್ನಾನ ಮಾಡಿ ಬಂದು 'ಆಹಾ, ಗುಲಾಬಿ' ಎಂದುಕೊಳ್ಳುತ್ತೀರಲ್ಲ, ಆ ಗುಲಾಬಿ ಯಾವ ಗಿಡದಲ್ಲೂ ಅರಳಿದ್ದಲ್ಲ; ನನ್ನ ಮೇಜಿನ ಮೇಲಿನ ಹನ್ನೊಂದು ಸೀಸೆಗಳಲ್ಲಿ ಅರಳಿದ್ದು.

ಇಂಥ ನನ್ನ ಮನೆಗೆ ಬಂದು ಸೇರಿಕೊಂಡಿತು ಬೆಲ್ಟು. ಅದು ಹಾವು. ವಿಷವಿಲ್ಲದ, ಗಿಡ್ಡ ಜಾತಿಯ ಹೆಬ್ಬಾವು. ಸ್ವಭಾವದಲ್ಲಿ ನಿವೃತ್ತ ಗ್ರಂಥಪಾಲಕ. ಕೋಳಿಮರಿ ಮಾಡಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದ ನನ್ನ ಭಾವಮೈದ ಸಾಕಿದ್ದು. ಮೊಟ್ಟೆಯೊಡೆದು ಬಂದೂ ಬದುಕದ ಮರಿಗಳನ್ನು ಅವನು ಊಟದ ಬಿಡುವಿನಲ್ಲಿ ಜೇಬಿನಲ್ಲಿಟ್ಟುಕೊಂಡು ಬಂದು ಅದಕ್ಕೆ ಕೊಡುತ್ತಿದ್ದ. ಬೇರೆ ಊರಿಗೆ ವರ್ಗವಾದಾಗ, ಅಲ್ಲಿಯ ಮನೆಯೊಡತಿ ಹಾವನ್ನು ನೋಡಿದರೆ ಬಾಡಿಗೆ ಕರಾರನ್ನು ಹರಿದು ಹಾಕುತ್ತಾಳೆಂದು ಹೆದರಿ, ನಮ್ಮ ಒಂಬತ್ತು ವರ್ಷದ ಮಗಳ ಮಡಿಲಿಗೆ ಹಾಕಿ ಹೋದ. ಮಗಳು ಅದಕ್ಕೆ ಹೆಸರಿಟ್ಟಳು. ಗಾಜಿನ ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ದಿನವೂ ಸಂಜೆ ತನ್ನ ಪಾಠಗಳನ್ನು ಅದಕ್ಕೆ ಓದಿ ಹೇಳತೊಡಗಿದಳು.

"ಹಾವಿಗೆ ಕಿವಿ ಇರಲ್ಲ ಕಣೆ" ಎಂದೆ.

"ಆದ್ರೂ ಗಮನ ಕೊಟ್ಟು ಕೇಳತ್ತೆ. ನಿನ್ನ ಹಾಗಲ್ಲ."

ಭಾವಮೈದ ಹೋದ ಮೇಲೆ ಕೋಳಿಮರಿಯ ಸರಬರಾಜು ನಿಂತಿತು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಮಂಜುಗಟ್ಟಿಸಿದ ಇಲಿ. ಅದನ್ನು ಫ್ರಿಜ್ಜಿನಲ್ಲಿಡಲು ಹೆಂಡತಿ ಮೂರು ಷರತ್ತಿನ ಮೇಲೆ ಒಪ್ಪಿದಳು: ಇಲಿ ಡಬ್ಬಿಯೊಳಗೆ, ಡಬ್ಬಿ ಚೀಲದೊಳಗೆ, ಚೀಲ ಬಟಾಣಿ ಪೊಟ್ಟಣದಿಂದ ಒಂದು ಗೇಣು ದೂರ. ಹೆಂಡತಿ ಒಪ್ಪಿದರೇನು, ಬೆಲ್ಟು ಒಪ್ಪಬೇಡವೇ? ಇಲಿಯ ಮಂಜು ಕರಗಿಸಿ, ಚಿಮಟದಲ್ಲಿ ಹಿಡಿದು ಮೂತಿಯೆದುರು ಆಡಿಸಿದರೆ, ಅದು ಎರಡು ಸಲ ನಾಲಿಗೆ ಚಾಚಿ, ತಪ್ಪು ವಿಳಾಸಕ್ಕೆ ಬಂದ ಪತ್ರವನ್ನು ನೋಡುವವರಂತೆ ನೋಡಿ, ಮುಖ ತಿರುಗಿಸುತ್ತಿತ್ತು.

ಹತ್ತು ವಾರ ಉಪವಾಸ. ಪ್ರಾಣಿವೈದ್ಯೆ ತೂಕ ನೋಡಿ ತಲೆಯಾಡಿಸಿದರು. "ಇನ್ನೊಂದು ತಿಂಗಳು ನೋಡೋಣ. ಆಗ್ಲೂ ಇಲಿ ಮುಟ್ಟದಿದ್ರೆ ಹಾವುಗಳ ಕೇಂದ್ರಕ್ಕೆ ಕೊಟ್ಟುಬಿಡಿ. ಅಲ್ಲಿ ಕೋಳಿಮರಿ ಸಿಗತ್ತೆ."

ಬರುವ ದಾರಿಯುದ್ದಕ್ಕೂ ಮಗಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಾಳೆಂಬುದು ಗಾಜಿನಲ್ಲಿ ಕಾಣುತ್ತಿತ್ತು. ನನ್ನೊಳಗಿನ ವೀರ ಎದ್ದು ನಿಂತ.

"ಹಾವು ಪ್ರಪಂಚ ನೋಡೋದೇ ವಾಸನೆಯಿಂದ. ವಾಸನೆಯ ವಿಷಯದಲ್ಲಿ ದೊಡ್ಡವರು ಯಾರು, ಹೇಳು?"

"ನೀನು."

"ಮತ್ತೆ ಅಳೋದ್ಯಾಕೆ? ಇಲಿಗೆ ಕೋಳಿಮರಿ ವಾಸನೆ ಹಚ್ಚಿದರಾಯ್ತು."

ಹೆಂಡತಿ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ದಾದಿ. ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಿದಳು. "ನಾನೊಂದು ಮಾತು ಹೇಳ್ಲಾ?"

"ಇದು ಮೂಗಿನ ವಿಷಯ. ನನಗೆ ಬಿಡು."

ಅವಳು ಬಿಟ್ಟಳು.

ಭಾವಮೈದನ ಹಳೆಯ ಸಹೋದ್ಯೋಗಿಗಳು, ಮರಿಗಳನ್ನು ಹೊರಗೆ ಕೊಡುವ ಹಾಗಿಲ್ಲವೆಂದು ಹೇಳಿ, ಒಂದು ಚೀಲ ಕೋಳಿಮರಿ ತುಪ್ಪಳ ಕಳಿಸಿಕೊಟ್ಟರು. ಅದನ್ನು ಕಾರ್ಖಾನೆಗೆ ಒಯ್ದು, ಮದ್ಯಸಾರದಲ್ಲಿ ನೆನೆಸಿ, ಸೋಸಿ, ಮೂರು ದಿನ ಇಳಿಸಿ, ಒಂದು ಪುಟ್ಟ ಸೀಸೆಯಷ್ಟು ಕೋಳಿಮರಿ ಅತ್ತರು ತೆಗೆದೆ. ಬಣ್ಣದ ವಿಭಾಗದವನು ಬಂದು ಮೂಗು ಮುಚ್ಚಿಕೊಂಡ. "ಸಾರ್, ಯಾರೋ ಜ್ವರ ಬಂದು ಮಲಗಿದ್ದ ಹಾಸಿಗೆ ಇದ್ದ ಹಾಗಿದೆ."

ಅವನ ಹಿಂದೆಯೇ ಮುಖ್ಯಸ್ಥರು ಬಂದರು. ಕಣ್ಣು ಮುಚ್ಚಿ ಉಸಿರೆಳೆದರು. "ಏನ್ರೀ ಇದು? ಚಿಕ್ಕಂದಿನ ನೆನಪು ಬಂತಲ್ರೀ. ಮಕ್ಕಳ ಸೋಪಿಗೆ ಹಾಕೋಣ."

ಮೂಗು ಇನ್ನೂ ಒಂದಂಗುಲ ಉದ್ದವಾಯಿತು ನನಗೆ.

ಮೊದಲನೆಯ ಭಾನುವಾರ ಕರಗಿದ ಇಲಿಯನ್ನು ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ಎರಡು ಹನಿ ಹಚ್ಚಿ ಬಡಿಸಿದೆ. ಬೆಲ್ಟು ಉತ್ಸಾಹದಿಂದ ಬಂತು, ಮೂಸಿತು, ಮೂತಿಯಿಂದ ಒಮ್ಮೆ ಮುಟ್ಟಿತು, ನೀರಿನ ಬಟ್ಟಲಿಗೆ ಹೋಗಿ ಮಲಗಿತು. ಎರಡನೆಯ ಭಾನುವಾರ ಹತ್ತು ಹನಿ. ಅದೇ ಕಥೆ. ಆ ಹೊತ್ತಿಗೆ ನನ್ನ ಕೈ, ಕೂದಲು, ಚೀಲ, ಛತ್ರಿ ಎಲ್ಲಕ್ಕೂ ಅತ್ತರು ಇಳಿದಿತ್ತು. ಬಸ್ ನಿಲ್ದಾಣದಿಂದ ಮನೆಯವರೆಗೆ ಮೂರು ಬೆಕ್ಕುಗಳು ನನ್ನನ್ನು ಬೀಳ್ಕೊಡಲು ಬರುತ್ತಿದ್ದವು. ಎದುರುಮನೆಯ ದರ್ಜಿ ಬೆಕ್ಕುಗಳ ದಿಬ್ಬಣ ನೋಡಿ, "ಸಂಬಂಧ ಏನಾದ್ರೂ ಕುದುರ್ತಾ?" ಎಂದು ವಿಚಾರಿಸಿದ.

ಮೂರನೆಯ ಭಾನುವಾರ ಇಲಿಯನ್ನು ಅತ್ತರಿನಲ್ಲೇ ಅದ್ದಿ ಹಿಡಿದೆ. ಬೆಲ್ಟು ಕುತ್ತಿಗೆ ಹಿಂದಕ್ಕೆ ಮಡಿಸಿ, ಮಿಂಚಿನಂತೆ ಎರಗಿ, ಹಿಡಿದೇಬಿಟ್ಟಿತು. ಹಿಡಿದದ್ದು ನನ್ನ ಅಂಗಿಯ ತೋಳನ್ನು. ಬಿಡಿಸಲು ಕಾಲು ಗಂಟೆ ಹಿಡಿಯಿತು. ಬೆಲ್ಟುವಿಗೆ ಅಂಗಿ, ನನಗೆ ಮಾನ, ಎರಡೂ ದಕ್ಕಲಿಲ್ಲ.

ತೋಳಿನ ತೂತನ್ನು ನೋಡುತ್ತ ಹೆಂಡತಿ ಹೇಳಿದಳು, "ಇಲಿ ಮೇಲೂ ಅತ್ತರು, ನಿಮ್ಮ ಮೇಲೂ ಅತ್ತರು. ಅದು ಇಲಿ ಬಿಟ್ಟು ನಿಮ್ಮನ್ನೇ ಹಿಡೀತು. ಯಾಕೆ ಅಂತ ಯೋಚಿಸಿದ್ರಾ?"

"ನನ್ನ ಮೇಲೆ ಜಾಸ್ತಿ ಬಿದ್ದಿರಬೇಕು."

"ನಾನೊಂದು ಮಾತು…"

"ಒಂದೇ ಒಂದು ವಾರ ಕೊಡು."

ಆ ವಾರವೆಲ್ಲ ನಾನು ತಪಸ್ವಿಯಂತೆ ಯೋಚಿಸಿದೆ. ಶನಿವಾರ ಜ್ಞಾನೋದಯವಾಯಿತು: ವಾಸನೆ ಸರಿಯಿದೆ, ವೇಷ ಸರಿಯಿಲ್ಲ. ಉಳಿದ ತುಪ್ಪಳವನ್ನು ನೀರಲ್ಲಿ ಕಲಸಿದ ಹಿಟ್ಟಿನಿಂದ ಇಲಿಯ ಮೈತುಂಬ ಅಂಟಿಸಿದೆ. ಭಾನುವಾರ ಮಧ್ಯಾಹ್ನ ಹಳದಿ ಅಂಗರಖಾ ತೊಟ್ಟ, ಬಾಲವುಳ್ಳ, ಬ್ರಹ್ಮನೂ ಬೆಚ್ಚುವ ಜೀವಿಯೊಂದನ್ನು ಚಿಮಟದಲ್ಲಿ ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದೆ.

"ಅಪ್ಪ, ಇದು ಯಾವ ಪ್ರಾಣಿ?"

ಬೆಲ್ಟುವಿಗೂ ಅದೇ ಸಂಶಯ. ಜೀವಮಾನದಲ್ಲಿ ಮೊದಲ ಬಾರಿಗೆ ಊಟವನ್ನು ಕಂಡು ಹೆದರಿ ಮರದ ತೊಗಟೆಯ ಕೆಳಗೆ ನುಸುಳಿ, ಬಾಲವನ್ನೂ ಒಳಗೆಳೆದುಕೊಂಡಿತು.

ಮಗಳು ನಕ್ಕಳು. ಆಮೇಲೆ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಇಣುಕಿದರೆ, ತನ್ನ ಶಾಲೆಯ ಚೀಲ ಖಾಲಿ ಮಾಡಿ ಅದರಲ್ಲಿ ಬೆಲ್ಟುವಿನ ಸಾಮಾನು ತುಂಬುತ್ತಿದ್ದಳು. ಒಂದು ಹಳೆಯ ಟವೆಲ್ಲು, ಇನ್ನೊಂದು ನೀರಿನ ಬಟ್ಟಲು, ಮೇಲೊಂದು ಚೀಟಿ: 'ಇದಕ್ಕೆ ವಿಜ್ಞಾನ ಇಷ್ಟ. ಗಣಿತ ಓದಿದರೆ ಮಲಗುತ್ತದೆ. ದಯವಿಟ್ಟು ಮೆಲ್ಲಗೆ ಎತ್ತಿಕೊಳ್ಳಿ.' ಮರುದಿನ ಸೋಮವಾರ; ವೈದ್ಯೆ ಕೊಟ್ಟ ಗಡುವು.

ನಾನು ಇಲಿಯನ್ನು ಪೆಟ್ಟಿಗೆಯಿಂದ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಹೆಂಡತಿಯ ಪಕ್ಕ ನಿಂತೆ. ಬಡಿಸಿಟ್ಟ ಊಟ ಮೇಜಿನ ಮೇಲಿತ್ತು.

"ಏನೋ ಒಂದು ಮಾತು ಹೇಳ್ತೀನಿ ಅಂದಿದ್ದೆ" ಎಂದೆ, ಗೋಡೆಗೆ ಹೇಳಿದಂತೆ.

ಅವಳು ನನ್ನ ಕೈಯಿಂದ ಆ ಹಳದಿ ಅವತಾರವನ್ನು ತೆಗೆದುಕೊಂಡು, ತುಪ್ಪಳವನ್ನೂ ಹಿಟ್ಟನ್ನೂ ಅತ್ತರನ್ನೂ ತೊಳೆದುಹಾಕಿ, ಇಲಿಯನ್ನು ಒಂದು ತೆಳು ಚೀಲದಲ್ಲಿ ಕಟ್ಟಿ, ಬಿಸಿನೀರಿನ ಮಗ್ಗಿನಲ್ಲಿ ಇಳಿಬಿಟ್ಟಳು. ಆಗಾಗ ತೆಗೆದು, ಎಳೆಗೂಸಿನ ಹಾಲು ಪರೀಕ್ಷಿಸುವಂತೆ ಮಣಿಕಟ್ಟಿಗೆ ಮುಟ್ಟಿಸಿ ನೋಡಿದಳು. ಮೂರನೆಯ ಸಲ "ಹ್ಞಾಂ" ಎಂದು, ಒರೆಸಿ, ಚಿಮಟದಲ್ಲಿ ಹಿಡಿದು ಹೋದಳು.

ತೊಗಟೆಯ ಕೆಳಗಿಂದ ಮೂತಿ ಬಂತು. ನಾಲಿಗೆ ಬಂತು. ಪಟ್ಟನೆ ಎರಗಿ, ಎರಡು ಸುತ್ತು ಸುತ್ತಿ, ಬೆಲ್ಟು ನಿಜವಾಗಿಯೂ ಬೆಲ್ಟಾಯಿತು. ಹತ್ತು ನಿಮಿಷದಲ್ಲಿ ಇಲಿಯ ಬಾಲ ಮಾತ್ರ ಹೊರಗಿತ್ತು. ಆಮೇಲೆ ಅದೂ ಇಲ್ಲ. ಗಡಿಯಾರದಲ್ಲಿ ಒಂದೂವರೆ.

ಮಗಳು ಹೋಗಿ ಶಾಲೆಯ ಚೀಲದಿಂದ ಟವೆಲ್ಲು, ಬಟ್ಟಲು ಎಲ್ಲ ತೆಗೆದು ಮೊದಲಿದ್ದ ಜಾಗದಲ್ಲಿಟ್ಟು ಬಂದಳು.

"ನಿನಗೆ ಹೇಗೆ ಹೊಳೀತು?" ಎಂದೆ.

"ನನ್ನ ತಮ್ಮ ಮರಿಗಳನ್ನ ಎಲ್ಲಿಂದ ತರ್ತಿದ್ದ? ಮೊಟ್ಟೆಗೆ ಕಾವು ಕೊಡೋ ಕೋಣೆಯಿಂದ, ಜೇಬಲ್ಲಿಟ್ಟುಕೊಂಡು, ಬೆಚ್ಚಗೆ. ನೀವು ಎಲ್ಲಿಂದ ತಂದ್ರಿ? ಬಟಾಣಿ ಪಕ್ಕದಿಂದ. ಅವತ್ತು ನಿಮ್ಮ ತೋಳು ಬೆಚ್ಚಗಿತ್ತು, ಅದಕ್ಕೇ ಹಿಡೀತು. ಪಾಪ, ಅದು ಇಷ್ಟು ದಿನ ಬಿಸಿ ಊಟ ಕೇಳ್ತಿತ್ತು ಅಷ್ಟೇ. ಈ ಮನೇಲಿ ಬಿಸಿ ಇಲ್ಲ ಅಂದ್ರೆ ತಟ್ಟೆ ತಳ್ಳೋರು ಇನ್ನೊಬ್ಬರೂ ಇದಾರಲ್ಲ."

ಇಪ್ಪತ್ತೆರಡು ವರ್ಷದ ಮೂಗು ಸದ್ದಿಲ್ಲದೆ ಕೆಳಗಿಳಿಯಿತು. ಮೂವರೂ ಊಟಕ್ಕೆ ಕೂತೆವು. ಸೋತವನಿಗೂ ಹಸಿವಾಗುತ್ತದೆ. ಮೊದಲ ತುತ್ತು ಬಾಯಿಗಿಟ್ಟೆ. ಅಭ್ಯಾಸಬಲ ನೋಡಿ, ನಾಲಿಗೆ ನನ್ನನ್ನು ಕೇಳದೆಯೇ ಆಡಿಬಿಟ್ಟಿತು: "ಇದು ತಣ್ಣಗಾಗಿದೆ."

ಮಗಳು ಚಮಚ ಕೆಳಗಿಟ್ಟು ಅಮ್ಮನ ಮುಖ ನೋಡಿದಳು. ಹೆಂಡತಿ ಕೈ ಚಾಚಿ ಕಿಟಕಿಯ ಮೇಲಿದ್ದ ಪುಟ್ಟ ಸೀಸೆಯನ್ನು ತೆಗೆದು, ನನ್ನ ತಟ್ಟೆಯ ಪಕ್ಕ ಇಟ್ಟು, ತುಂಬ ಪ್ರೀತಿಯಿಂದ ಕೇಳಿದಳು:

"ಎರಡು ಹನಿ ಅತ್ತರು ಹಾಕ್ಲಾ?"